ಚೀಟಿ ಹಿಡಿದು ಬಂದ ಹುಡುಗ

ಮಳೆಗಾಲದ ಸಂಜೆ. ಆಲೂರು ತಾಲ್ಲೂಕಿನ ಪಾಳ್ಯದಂಥ ಊರಿನಲ್ಲಿ ಆರು ಗಂಟೆಗೇ ಕತ್ತಲು ಕವಿದು, ಕಾಫಿ ತೋಟದ ಕೂಲಿ ಲೈನುಗಳಲ್ಲಿ ಒಲೆಯ ಹೊಗೆ ಏಳುವ ಹೊತ್ತು. ಹದಿಮೂರು ವರ್ಷದ ಬಾಲಕನೊಬ್ಬ ಗೋಣಿಕೊಪ್ಪೆ ಹೊದ್ದು, ಮುಷ್ಟಿಯಲ್ಲಿ ಒಂದು ನೋಟನ್ನೂ ಒಂದು ಚೀಟಿಯನ್ನೂ ಹಿಡಿದು, ಗೂಡಂಗಡಿಯ ಮುಂದೆ ನಿಂತಿದ್ದಾನೆನ್ನಿ. ಚೀಟಿಯ ಮೊದಲ ಸಾಲಿನಲ್ಲಿ ಬೆಲ್ಲ, ಎರಡನೆಯ ಸಾಲಿನಲ್ಲಿ ಸೀಮೆಬದನೆ, ಮೂರನೆಯದು ಬರೆದಿಲ್ಲ. ಅದನ್ನು ಬಾಯಿಂದ ಹೇಳಬೇಕು. ಅಥವಾ ಹೇಳಲೂ ಬೇಕಿಲ್ಲ, ಯಾರ ಮಗನೆಂಬುದು ಗೊತ್ತಿದ್ದರೆ ಸಾಕು. ಅಂಗಡಿಯಾತ ಹಲಗೆಯ ಕೆಳಗೆ ಕೈಹಾಕಿ 90 ಮಿಲಿಲೀಟರಿನ ಕಾಗದದ ಪೊಟ್ಟಣವೊಂದನ್ನು ತೆಗೆದು ಬೆಲ್ಲದ ಜೊತೆಯಲ್ಲೇ ಕಟ್ಟಿಕೊಡುತ್ತಾನೆ.

ಇದು ಪಾಳ್ಯದ ಯಾವುದೇ ಒಂದು ಅಂಗಡಿಯ ಕಥೆಯಲ್ಲ. ಸನ್ನದಿಲ್ಲದ ಗೂಡಂಗಡಿಗಳಲ್ಲಿ ಮದ್ಯ ಮಾರುವರೆಂಬ ದೂರು ಮಲೆನಾಡಿನಲ್ಲೂ ಬಯಲುಸೀಮೆಯಲ್ಲೂ ಸಮನಾಗಿ ಕೇಳಿಬರುವಂಥದು. 2007ರ ಜುಲೈ 1ರಿಂದ ಕರ್ನಾಟಕದಲ್ಲಿ ಸಾರಾಯಿ ನಿಂತುಹೋಯಿತು ಸರಿಯಷ್ಟೆ, ಕುಡಿತ ನಿಲ್ಲಲಿಲ್ಲ. ಅಗ್ಗದ ವಿಸ್ಕಿಯ ಪುಟ್ಟ ಪೊಟ್ಟಣ ಆ ಜಾಗಕ್ಕೆ ಬಂತು. ಬಾಲಕನ ಚಡ್ಡಿಯ ಜೇಬಿನಲ್ಲಿ ಅಡಗುವಷ್ಟು ಪುಟ್ಟದು.

ಹೀಗಿರುವಾಗ, ಮನೆಬಾಗಿಲಿಗೆ ಮದ್ಯ ತಲುಪಿಸುವ ಏರ್ಪಾಡು ಬಂದರೆ ಎಳೆಯರು ಕೆಡುವರೆಂದು ಪೇಟೆಯ ಜನ ಆತಂಕಗೊಳ್ಳುವುದು ಒಂದು ಬಗೆಯ ವಿಚಿತ್ರವೇ. ಹಳ್ಳಿಯ ಮನೆಬಾಗಿಲಿಗೆ ಮದ್ಯ ಎಂದಿನಿಂದಲೋ ಬರುತ್ತಿದೆ. ತರುವವನು ಮನೆಯ ಮಗನೇ ಆದ್ದರಿಂದ ಯಾರೂ ಅದನ್ನು ಏರ್ಪಾಡೆಂದು ಕರೆಯಲಿಲ್ಲ.

ಹೊಸ ಏರ್ಪಾಡಿನ ಚರ್ಚೆ ಬಿಸಿಯೇರಿದ್ದು 2020ರಲ್ಲಿ. ಕೊರೋನಾ ನಿರ್ಬಂಧದಿಂದ ಮುಚ್ಚಿದ್ದ ಮದ್ಯದಂಗಡಿಗಳು ಕರ್ನಾಟಕದಲ್ಲಿ ಮೇ 4ರಂದು ತೆರೆದಾಗ ಬೆಳಗಿನಿಂದಲೇ ಸಾಲುಗಳು ಬೆಳೆದವು. ಅದೇ ತಿಂಗಳ 8ರಂದು ಸರ್ವೋಚ್ಚ ನ್ಯಾಯಾಲಯವು, ಜನಸಂದಣಿ ತಪ್ಪಿಸಲು ಮನೆಗೆ ತಲುಪಿಸುವ ವಿಚಾರವನ್ನು ರಾಜ್ಯಗಳು ಪರಿಶೀಲಿಸಬಹುದೆಂದು ಸೂಚಿಸಿತು. ಝಾರ್ಖಂಡ, ಒಡಿಶಾ, ಪಶ್ಚಿಮ ಬಂಗಾಳಗಳು ಒಪ್ಪಿದವು. ರಾಂಚಿಯಲ್ಲಿ ಸ್ವಿಗ್ಗಿ ಕಂಪೆನಿ ಕೈಗೊಂಡ ಕ್ರಮವೆಂದರೆ, ಗಿರಾಕಿಯು ಸರ್ಕಾರಿ ಗುರುತಿನ ಚೀಟಿಯ ಚಿತ್ರವನ್ನೂ ತನ್ನ ಮುಖದ ಚಿತ್ರವನ್ನೂ ಕಳುಹಿಸಬೇಕು, ಎರಡೂ ತಾಳೆಯಾಗಬೇಕು, ಸೀಸೆ ಕೈಸೇರುವಾಗ ಮೊಬೈಲಿಗೆ ಬಂದ ಗುಪ್ತಸಂಖ್ಯೆಯನ್ನು ಹೇಳಬೇಕು.

ಕರ್ನಾಟಕದ ದಾರಿ ಬೇರೆಯಾಯಿತು. ಹಿಪ್‌ಬಾರ್ ಎಂಬ ಕಂಪೆನಿಗೆ ಇಲ್ಲಿ ಮೊದಲು ಅನುಮತಿ ದೊರೆತು, ಬಳಿಕ ಅಬಕಾರಿ ಇಲಾಖೆ ಅದನ್ನು ತಡೆಯಿತು. ವಿವಾದ ಉಚ್ಚ ನ್ಯಾಯಾಲಯಕ್ಕೆ ಹೋದಾಗ, ಹೀಗೆ ಮನೆಗೆ ಮಾರಲು ಅಬಕಾರಿ ಕಾಯಿದೆಯಲ್ಲಿ ಎಡೆಯಿಲ್ಲವೆಂದು 2020ರಲ್ಲಿ ತೀರ್ಪಾಯಿತು. ಸನ್ನದು ಗೊತ್ತಾದ ಒಂದು ಸ್ಥಳಕ್ಕೆ ಕೊಡುವಂಥದು. ಮೋಟಾರು ಸೈಕಲ್ಲಿನ ಬೆನ್ನೇರಿ ಊರು ಸುತ್ತುವಂಥದಲ್ಲ.

ಆ ಕಾಯಿದೆಯಲ್ಲಿಯೇ ಒಂದು ತೊಡಕು. 1965ರ ಅಬಕಾರಿ ಕಾಯಿದೆ 18 ವರ್ಷದೊಳಗಿನವರಿಗೆ ಮಾರಬಾರದೆನ್ನುತ್ತದೆ. ಸನ್ನದುಗಳ ಬಗೆಗಿನ 1967ರ ನಿಯಮಗಳು 21 ಎನ್ನುತ್ತವೆ. ಇವೆರಡನ್ನೂ ಹೊಂದಿಸುವ ನೆಪದಲ್ಲಿ 21ನ್ನು 18ಕ್ಕೆ ಇಳಿಸುವ ಕರಡು 2023ರ ಜನವರಿಯಲ್ಲಿ ಹೊರಟು, ವಿರೋಧವೆದ್ದ ಕೂಡಲೇ ಹಿಂದಕ್ಕೆ ಹೋಯಿತು. ನೆರೆಯ ಗೋವಾದಲ್ಲಿ 18, ಕೇರಳದಲ್ಲಿ 23. ಗಡಿಯ ಕಲ್ಲು ದಾಟಿದೊಡನೆ ಹುಡುಗ ಗಂಡಸಾಗುತ್ತಾನೆ, ಮತ್ತೊಂದು ಕಲ್ಲು ದಾಟಿದರೆ ಪುನಃ ಹುಡುಗ.

ನಿಜವಾದ ಕಷ್ಟ ಇರುವುದು ಅಂಕಿಯಲ್ಲಿಯೂ ಅಲ್ಲ, ಯಂತ್ರದಲ್ಲಿಯೂ ಅಲ್ಲ; ಹೊಸ್ತಿಲಿನಲ್ಲಿ. ಯಂತ್ರ ತಾಳೆನೋಡುವುದು ಕೊಂಡವನ ಮುಖವನ್ನು. ಬಾಗಿಲು ತೆರೆಯುವ ಕೈ ಬೇರೆಯದಾಗಬಹುದು. ತಂದೆಯ ಹೆಸರು, ತಂದೆಯ ಮೊಬೈಲು, ಮಗನ ಕೈ! ಗುಪ್ತಸಂಖ್ಯೆಯನ್ನು ಮಗನೂ ಹೇಳಬಲ್ಲ. ಅಲ್ಲಿ ನಿಂತು 'ಇಲ್ಲ' ಎನ್ನಬೇಕಾದವನು ಸೀಸೆ ಹೊತ್ತು ತಂದ ಯುವಕ. ಸವಾರಿಗಿಷ್ಟೆಂದು ಕೂಲಿ ಪಡೆಯುವವನು. ಗಿರಾಕಿ ಕೊಡುವ ನಕ್ಷತ್ರಗಳ ಲೆಕ್ಕದ ಮೇಲೆ ನಾಳಿನ ಅನ್ನವನ್ನು ನೆಚ್ಚಿದವನು. ಅವನು ನಿರಾಕರಿಸಿದರೆ ಸೀಸೆ ಅಂಗಡಿಗೆ ಮರಳಬೇಕು, ಪೆಟ್ರೋಲು ಸುಡಬೇಕು, ಬೈಗುಳ ಕೇಳಬೇಕು. ಸಕಲೇಶಪುರದ ಕಡೆಯ ಎಸ್ಟೇಟಿನೊಳಗೆ, ಗೇಟಿನಿಂದ ಬಹುದೂರದ ಒಂಟಿಮನೆಯ ಮುಂದೆ, ಕತ್ತಲಲ್ಲಿ ಒಬ್ಬನೇ ನಿಂತವನು ಎಷ್ಟು ಸಲ 'ಇಲ್ಲ' ಎಂದಾನು? ಮರಳಿ ಒಯ್ದ ಸವಾರಿಗೂ ಪೂರ್ತಿ ಕೂಲಿಯುಂಟು, ನಿರಾಕರಣೆಗೆ ಬಂದ ದೂರು ಲೆಕ್ಕಕ್ಕಿಲ್ಲ ಎಂದು ಮಾಲಿಕನು ಮೊದಲೇ ಬರೆದುಕೊಡದಿದ್ದರೆ ವಯಸ್ಸಿನ ತಪಾಸಣೆ ಕಾಗದದ ಮೇಲಿನ ಮಾತು. ಅಂಥ ಏರ್ಪಾಡು ಇಲ್ಲಿಗೆ ಎಂದಾದರೂ ಬಂದರೆ, ಕೊಳ್ಳುವವನ ವಯಸ್ಸಿನಂತೆ ಹೊತ್ತುತರುವವನ ವಯಸ್ಸನ್ನೂ ಗೊತ್ತುಮಾಡಬೇಕಾದೀತು. ಹದಿನೆಂಟಕ್ಕೆ ವಾಹನದ ಪರವಾನಗಿ ದೊರೆಯುತ್ತದಲ್ಲವೆ?

ಬ್ರಿಟನ್ನಿನ ಅಂಗಡಿಗಳು ಒಂದು ಜಾಣ ಪರಿಪಾಠವನ್ನು ಇಟ್ಟುಕೊಂಡಿವೆ. ಅಲ್ಲಿಯ ಮಿತಿ 18; ಆದರೆ 25ಕ್ಕಿಂತ ಕಿರಿಯರಾಗಿ ಕಾಣುವವರನ್ನೆಲ್ಲ ಗುರುತಿನ ಚೀಟಿ ಕೇಳುತ್ತಾರೆ. ಮಾರುವವನು ಎರಡು ಮೂರು ವರ್ಷದ ಅಂತರವನ್ನು ಮುಖದಲ್ಲಿ ಓದಬೇಕಾಗಿಲ್ಲ; ಕೇಳಿಸಿಕೊಂಡವನಿಗೂ ಅದು ಅವಮಾನವಲ್ಲ, ಬಹುಶಃ ಹೊಗಳಿಕೆ. ನಮ್ಮ ಕಡೆಯ ದೊಡ್ಡವರಿಗೆ ಈ ಪ್ರಶ್ನೆ ಕೇಳಿದರೆ ಇನ್ನೊಂದು ತಮಾಷೆ: ಮೇಷ್ಟರು ಶಾಲೆಗೆ ಸೇರಿಸುವಾಗ ಜೂನ್ 1 ಎಂದು ಬರೆದುಕೊಂಡ ಜನ್ಮದಿನವೇ ಅರ್ಧ ಊರಿಗೆ. ಅದಿರಲಿ, ಅವರ ವಯಸ್ಸಿನ ಬಗ್ಗೆ ಯಾರಿಗೂ ಸಂದೇಹವಿಲ್ಲ.

ಸಂದೇಹವಿಲ್ಲದ್ದು ಆ ಬಾಲಕನ ವಯಸ್ಸಿನ ಬಗ್ಗೆಯೂ. ಅವನಿಗಾಗಿ 2015ರ ಬಾಲನ್ಯಾಯ ಕಾಯಿದೆಯಿದೆ. ವೈದ್ಯರ ಅಪ್ಪಣೆಯಿಲ್ಲದೆ ಮಗುವಿಗೆ ಮದ್ಯ ಕೊಟ್ಟರೆ 77ನೆಯ ಕಲಮು. ಮದ್ಯವನ್ನು ಮಾರಲು, ಹೊರಲು, ಸಾಗಿಸಲು ಮಗುವನ್ನು ಬಳಸಿಕೊಂಡರೆ 78ನೆಯದು. ಎರಡಕ್ಕೂ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿಯವರೆಗೆ ದಂಡ. ಎರಡನೆಯ ಕಲಮಿನಲ್ಲಿ ಅಪ್ಪನಿಗೆ ವಿನಾಯಿತಿಯೆಂದು ಬರೆದಿಲ್ಲ. ದಿನವಿಡೀ ಮಳೆಯಲ್ಲಿ ನೆನೆದು ಕಪಾತು ಮಾಡಿ ಬಂದು, ಕಾಲು ಚಾಚಿ, 'ಓಡಿಹೋಗಿ ತಗೊಂಡು ಬಾ ಮಗಾ' ಎನ್ನುವ ತಂದೆಗೆ ತಾನು ಅಪರಾಧ ಮಾಡುತ್ತಿರುವೆನೆಂಬ ಕಲ್ಪನೆಯೂ ಇರಲಾರದು.

ಒಂದು ಸಂಜೆ ಅಂಗಡಿಯಾತನಿಗೇ ಮನಸ್ಸು ತಡೆಯಿತೆನ್ನಿ. ಬೆಲ್ಲವನ್ನೂ ಸೀಮೆಬದನೆಯನ್ನೂ ಕಟ್ಟಿಕೊಟ್ಟು, "ಇನ್ನೊಂದಕ್ಕೆ ಅಪ್ಪನನ್ನೇ ಕಳಿಸು" ಎಂದು ಉಳಿದ ಹಣವನ್ನು ಬಾಲಕನ ಕೈಗೆ ಹಿಂದಕ್ಕೆ ಹಾಕಿದ. ಬಾಲಕ ತಕ್ಷಣ ಹೊರಡಲಿಲ್ಲ. ಗೋಣಿಕೊಪ್ಪೆಯಿಂದ ನೀರು ತೊಟ್ಟಿಕ್ಕುತ್ತಿರಲು ಹಣವನ್ನೊಮ್ಮೆ, ಅಂಗಡಿಯಾತನ ಮುಖವನ್ನೊಮ್ಮೆ ನೋಡಿದ. ಬರಿಗೈಯಲ್ಲಿ ಹೋದರೆ ಮನೆಯಲ್ಲಿ ಏನಾಗುವುದೆಂಬುದು ಅವನಿಗೆ ತಿಳಿದಿತ್ತು. ಅಂಗಡಿಯಾತನಿಗೂ ತಿಳಿದಿತ್ತು. ಅವನು ಹಲಗೆಯ ಬಾಗಿಲನ್ನು ಅಡ್ಡವಿಟ್ಟು, ಕೊಡೆ ತೆಗೆದುಕೊಂಡು, ಬಾಲಕನ ಜೊತೆಗೆ ಲೈನಿನ ಕಡೆ ನಡೆದ.