ಪಳಗಿದ ಕೈಗಳು ನಮ್ಮಲ್ಲಿ ಏಕೆ ನಿಲ್ಲುವುದಿಲ್ಲ?

ಸಣ್ಣ ಉದ್ದಿಮೆದಾರರು ನಾಲ್ಕು ಮಂದಿ ಸೇರಿದೆಡೆ ತಪ್ಪದೆ ಕೇಳಿಬರುವ ಮಾತೊಂದಿದೆ: "ಕಲಿಸುವವರು ನಾವು, ಕೊಂಡೊಯ್ಯುವವರು ಬೇರೆಯವರು." ವಿದ್ಯುತ್ ದರ, ಜಿಎಸ್‌ಟಿ, ಬ್ಯಾಂಕ್ ಬಡ್ಡಿ ಮೊದಲಾದವುಗಳ ಬಗೆಗಿನ ಅಹವಾಲುಗಳನ್ನು ಸರ್ಕಾರಕ್ಕೆ ಸಲ್ಲಿಸಬಹುದು. ಈ ಅಹವಾಲನ್ನು ಯಾರಿಗೆ ಸಲ್ಲಿಸುವುದು? ಆದ್ದರಿಂದಲೇ ಇರಬೇಕು, ಒಬ್ಬರ ಕಾರ್ಮಿಕರನ್ನು ಮತ್ತೊಬ್ಬರು ಕೆಲಸಕ್ಕೆ ತೆಗೆದುಕೊಳ್ಳಬಾರದೆಂಬ ಒಪ್ಪಂದಕ್ಕೆ ನಾವು ನಾವೇ ಬರೋಣವೆಂಬ ಸಲಹೆ ಆಗಾಗ ಮುಂದೆ ಬರುತ್ತದೆ. ಇಪ್ಪತ್ತೈದು ವರ್ಷಗಳಿಂದ ಯಂತ್ರದ ಬಿಡಿಭಾಗಗಳನ್ನು ತಯಾರಿಸುವ ಸಣ್ಣ ಘಟಕವೊಂದನ್ನು ನಡೆಸುತ್ತಿರುವ ನನಗೆ ಈ ಸಲಹೆ ಸಮ್ಮತವಲ್ಲ. ಅದಕ್ಕೆ ಕಾರಣಗಳನ್ನು ಸದಸ್ಯ ಬಂಧುಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರತಿಭಾವಂತ ಉದ್ಯೋಗಿ ಎಂದೊಡನೆ ನಮ್ಮ ಕಣ್ಣು ಸಾಫ್ಟ್‌ವೇರ್ ಕಂಪನಿಗಳತ್ತ ಹೊರಳುತ್ತದೆ. 2022ರ ಜೂನ್ ತ್ರೈಮಾಸಿಕದಲ್ಲಿ ಇನ್ಫೋಸಿಸ್ ಪ್ರಕಟಿಸಿದ ಅಂಕಿಯಂತೆ, ಹಿಂದಿನ ಹನ್ನೆರಡು ತಿಂಗಳಲ್ಲಿ ಸ್ವಇಚ್ಛೆಯಿಂದ ಸಂಸ್ಥೆ ತೊರೆದವರ ಪ್ರಮಾಣ ಶೇ. 28.4ರಷ್ಟಿತ್ತು. ಪತ್ರಿಕೆಗಳು ಅದನ್ನು ದೊಡ್ಡದಾಗಿ ಬರೆದವು. ಆದರೆ ಅಂತಹ ಸಂಸ್ಥೆಗಳು ಕಾಲೇಜುಗಳಿಗೆ ಹೋಗಿ ಒಂದೇ ವರ್ಷದಲ್ಲಿ ಸಹಸ್ರಾರು ಪದವೀಧರರನ್ನು ಆರಿಸಿಕೊಳ್ಳಬಲ್ಲವು. ಮೂವತ್ತು ಮಂದಿಯ ಘಟಕದ ಕಥೆ ಬೇರೆ. ನಮ್ಮಲ್ಲಿ ಸಿಎನ್‌ಸಿ ಯಂತ್ರಗಳಿಗೆ ಇಬ್ಬರು ಸೆಟ್ಟರ್‌ಗಳಿರುತ್ತಾರೆ. ಡ್ರಾಯಿಂಗ್ ಓದಿ, ಟೂಲ್ ಆರಿಸಿ, ಮೊದಲ ತುಣುಕನ್ನು ಅಳತೆಗೆ ತಂದುಕೊಡುವವರು ಅವರೇ. ಅವರಲ್ಲೊಬ್ಬ ಹೋದರೆ ಅರ್ಧ ಶಾಪ್ ನಿಂತಂತೆಯೇ. ಆತನ ಜೊತೆಯಲ್ಲಿ ಹೋಗುವುದು ಪ್ರಮಾಣಪತ್ರದಲ್ಲಿ ಬರೆದ ವಿದ್ಯೆಯಷ್ಟೇ ಅಲ್ಲ. ಹಳೆಯ ಯಂತ್ರ ಮಧ್ಯಾಹ್ನದ ಬಿಸಿಗೆ ಎಷ್ಟು ಮೈಕ್ರಾನ್ ಸರಿಯುತ್ತದೆ, ಯಾವ ಗ್ರಾಹಕರ ಇನ್ಸ್‌ಪೆಕ್ಟರ್ ಯಾವ ಅಳತೆಯ ಮೇಲೆ ಕಣ್ಣಿಡುತ್ತಾರೆ ಎಂಬ ತಿಳಿವಳಿಕೆಯೂ ಹೋಗುತ್ತದೆ. ಇದನ್ನು ಯಾವ ಐಟಿಐಯೂ ಕಲಿಸಲಾರದು.

ಈ ಸಮಸ್ಯೆ ಹೊಸತೇನಲ್ಲ. ಅಮೆರಿಕದಲ್ಲಿ ಹೆನ್ರಿ ಫೋರ್ಡ್ 1913ರಲ್ಲಿ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದಾಗ ಉತ್ಪಾದನೆ ಏರಿತು, ಕೆಲಸಗಾರರು ಓಡತೊಡಗಿದರು. ದಿನವಿಡೀ ಒಂದೇ ನಟ್ಟನ್ನು ಬಿಗಿಯುವ ಬೇಸರವನ್ನು ಸಹಿಸಲಾರದವರೇ ಹೆಚ್ಚು. ಸುಮಾರು 14,000 ಮಂದಿಯನ್ನು ಕೆಲಸದಲ್ಲಿ ಇರಿಸಿಕೊಳ್ಳಲು ಆ ವರ್ಷ 52,000ಕ್ಕೂ ಹೆಚ್ಚು ಮಂದಿಯನ್ನು ನೇಮಿಸಿಕೊಳ್ಳಬೇಕಾಯಿತು. 1914ರ ಜನವರಿಯಲ್ಲಿ ಫೋರ್ಡ್ ದಿನಗೂಲಿಯನ್ನು ಸರಿಸುಮಾರು ಎರಡು ಪಟ್ಟು ಹೆಚ್ಚಿಸಿ 5 ಡಾಲರ್ ಮಾಡಿದರು, ಕೆಲಸದ ಅವಧಿಯನ್ನು ಒಂಬತ್ತು ಗಂಟೆಯಿಂದ ಎಂಟಕ್ಕೆ ಇಳಿಸಿದರು. ಬಿಟ್ಟು ಹೋಗುವವರ ಸಂಖ್ಯೆ ಕೆಲವೇ ತಿಂಗಳಲ್ಲಿ ಕುಸಿಯಿತು. ಇದನ್ನು ಔದಾರ್ಯವೆಂದು ಹೊಗಳುವವರಿದ್ದಾರೆ. ನನ್ನ ದೃಷ್ಟಿಯಲ್ಲಿ ಅದು ಶುದ್ಧ ವ್ಯಾಪಾರದ ಲೆಕ್ಕ. ಆ ಕೂಲಿಯ ಒಂದು ಭಾಗ ದೊರೆಯಬೇಕಾದರೆ ಕೆಲಸಗಾರನ ಮನೆವಾರ್ತೆ, ಕುಡಿತ, ಉಳಿತಾಯಗಳನ್ನು ಕಂಪನಿಯ ಪರಿವೀಕ್ಷಕರು ಬಂದು ನೋಡಿ ಒಪ್ಪಬೇಕಿತ್ತೆಂಬುದನ್ನು ನಾವು ಸಾಮಾನ್ಯವಾಗಿ ಹೇಳುವುದಿಲ್ಲ. (ಅಂತಹ ಅಧಿಕಾರ ತಮಗೂ ಇದ್ದರೆ ಚೆನ್ನಾಗಿತ್ತು ಎಂದುಕೊಳ್ಳುವ ಮಾಲೀಕರು ನಮ್ಮಲ್ಲಿ ಇಲ್ಲವೆನ್ನಲಾರೆ.)

ನಮ್ಮ ಹಲವು ಘಟಕಗಳು ಹಿಡಿದಿರುವ ದಾರಿ ಬಾಂಡಿನದು. ಈ ವಿಷಯದಲ್ಲಿ ಕಾನೂನು ಎಲ್ಲಿ ನಿಂತಿದೆಯೆಂಬುದನ್ನು ಅರಿಯುವುದು ಒಳಿತು. 1872ರ ಭಾರತೀಯ ಕರಾರು ಅಧಿನಿಯಮದ 27ನೆಯ ಪ್ರಕರಣದಂತೆ ಒಬ್ಬನ ವೃತ್ತಿಯನ್ನು ತಡೆಹಿಡಿಯುವ ಕರಾರು ಅಷ್ಟರ ಮಟ್ಟಿಗೆ ಅಸಿಂಧು. ಕೆಲಸ ಬಿಟ್ಟ ಮೇಲೆ ಇಂಥಲ್ಲಿಗೆ ಸೇರಬಾರದೆಂದು ನಾವು ಬರೆಸಿಕೊಳ್ಳುವ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆ ಸಿಗುವುದು ಕಷ್ಟ. ಆದರೆ ಸೇವೆಯಲ್ಲಿರುವ ಅವಧಿಗೆ ಸಂಬಂಧಿಸಿದ ಷರತ್ತು ಬೇರೆ. ವಿಜಯಾ ಬ್ಯಾಂಕಿನ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2025ರ ಮೇ ತಿಂಗಳಲ್ಲಿ, ಮೂರು ವರ್ಷ ತುಂಬುವ ಮೊದಲೇ ಹೊರಟ ಅಧಿಕಾರಿಯಿಂದ 2 ಲಕ್ಷ ರೂಪಾಯಿ ಪಡೆಯುವ ಷರತ್ತನ್ನು ಎತ್ತಿಹಿಡಿಯಿತು. ಆ ತೀರ್ಪನ್ನು ನಮ್ಮ ಪರವಾದ ಅಸ್ತ್ರವೆಂದು ಭಾವಿಸಿ ಹರ್ಷಪಟ್ಟವರನ್ನು ಕಂಡಿದ್ದೇನೆ. ಅಖಿಲ ಭಾರತ ಮಟ್ಟದಲ್ಲಿ ಜಾಹೀರಾತು ನೀಡಿ ನೇಮಕ ಮಾಡಬೇಕಾದ ಸರ್ಕಾರಿ ಬ್ಯಾಂಕಿನ ವೆಚ್ಚವನ್ನೂ, ಆ ಹುದ್ದೆಯ ಸಂಬಳವನ್ನೂ ನ್ಯಾಯಾಲಯ ಗಮನಕ್ಕೆ ತೆಗೆದುಕೊಂಡಿತ್ತು. ತಿಂಗಳಿಗೆ ಹದಿನೆಂಟು ಸಾವಿರ ಪಡೆಯುವ ಹುಡುಗನಿಂದ ಎರಡು ಲಕ್ಷ ಕೇಳಲು ಅದು ಆಧಾರವಾಗಲಾರದೆಂದು ನನ್ನ ನಂಬಿಕೆ.

ಇನ್ನು ಮೂಲ ಅಂಕಪಟ್ಟಿಗಳನ್ನು ಒತ್ತೆಯಾಗಿ ಇಟ್ಟುಕೊಳ್ಳುವ ಪದ್ಧತಿ. ಇದನ್ನು ಟೀಕಿಸುವ ಮೊದಲು ನನ್ನದೇ ತಪ್ಪನ್ನು ಒಪ್ಪಿಕೊಳ್ಳಬೇಕು. ಹದಿನೈದು ವರ್ಷಗಳ ಹಿಂದೆ ಡಿಪ್ಲೊಮಾ ಮುಗಿಸಿ ಬಂದ ಯುವಕನೊಬ್ಬನ ಅಂಕಪಟ್ಟಿಗಳು ನನ್ನ ಕಚೇರಿಯ ಬೀರುವಿನಲ್ಲಿದ್ದವು. ಮೂರನೆಯ ವರ್ಷ ಆತ ಹೇಳದೆ ಕೇಳದೆ ಹೊರಟುಹೋದ. ಎರಡು ತಿಂಗಳಾದ ಮೇಲೆ ಅವನ ತಂದೆ ಊರಿನಿಂದ ಬಸ್ಸಿನಲ್ಲಿ ಬಂದು, ಬಾಗಿಲ ಬಳಿಯೇ ನಿಂತು ಕಾಗದಗಳನ್ನು ಕೇಳಿದರು. ಕೂರಿಸಿ ಕಾಫಿ ಕೊಟ್ಟು ಹಿಂದಿರುಗಿಸಿದೆ. ಅವರು ಒಂದು ಮಾತನ್ನೂ ಆಡಲಿಲ್ಲ. ಆ ಪಾಲಿಟೆಕ್ನಿಕ್‌ನಿಂದ ಮುಂದಿನ ಮೂರು ವರ್ಷ ಒಬ್ಬ ಅಭ್ಯರ್ಥಿಯೂ ನನ್ನ ಘಟಕದತ್ತ ಸುಳಿಯಲಿಲ್ಲ. ಒಳ್ಳೆಯ ಹುಡುಗರನ್ನು ಸೆಳೆಯಲು ಜಾಹೀರಾತಿಗೆ ಹಣ ವ್ಯಯಿಸುವ ನಾವು, ನಮ್ಮ ಬಗೆಗಿನ ನಿಜವಾದ ಜಾಹೀರಾತು ಹಾಸ್ಟೆಲಿನ ಕೋಣೆಗಳಲ್ಲಿ ನಡೆಯುತ್ತದೆಂಬುದನ್ನು ಮರೆತಿರುತ್ತೇವೆ.

ಆ ಯುವಕ ಅನೇಕ ವರ್ಷಗಳ ನಂತರ ಒಂದು ಪ್ರದರ್ಶನದಲ್ಲಿ ಸಿಕ್ಕಿದ. ಏಕೆ ಹೋದೆಯೆಂದು ಕೇಳಿದೆ. ಸಂಬಳದ ಮಾತು ಬರುತ್ತದೆಂದು ಎಣಿಸಿದ್ದೆ. "ಸರ್, ಮೂರು ವರ್ಷ ಅದೇ ಬುಷ್ ಮಾಡಿದೆ. ಅದು ಯಾವ ಯಂತ್ರಕ್ಕೆ ಹೋಗುತ್ತದೆಂದು ಯಾರೂ ಹೇಳಲಿಲ್ಲ. ಪ್ರೋಗ್ರಾಂ ಬರೆಯಲು ಕಲಿಸಿ ಎಂದರೆ ಮೇಲ್ವಿಚಾರಕರು, ನೀನು ಕಲಿತರೆ ನನಗೇನು ಕೆಲಸ ಎಂದು ನಕ್ಕರು" ಎಂದ. ಆ ಮೇಲ್ವಿಚಾರಕರು ಒಳ್ಳೆಯ ಕುಶಲಕರ್ಮಿ. ಆದರೆ ಕುಶಲಕರ್ಮಿಯನ್ನು ಮೇಲ್ವಿಚಾರಕನ ಕುರ್ಚಿಯಲ್ಲಿ ಕೂರಿಸಿದ ನಾನು, ಜನರನ್ನು ನಡೆಸುವುದು ಹೇಗೆಂದು ಅವರಿಗೆ ಒಂದು ದಿನವೂ ತರಬೇತಿ ಕೊಡಿಸಿರಲಿಲ್ಲ. ಯಂತ್ರ ಕೊಂಡಾಗ ಆಪರೇಟರನ್ನು ತಯಾರಕರ ಬಳಿ ಕಳುಹಿಸುವ ನಾವು, ಹತ್ತು ಮಂದಿಯ ಭವಿಷ್ಯವನ್ನು ಒಬ್ಬನ ಕೈಗೊಪ್ಪಿಸುವಾಗ ಈ ಯೋಚನೆಯನ್ನೇ ಮಾಡುವುದಿಲ್ಲ.

ಸಂಬಳ ಮುಖ್ಯವಲ್ಲವೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳುವುದು ಮಾಲೀಕರಿಗೆ ಬಹಳ ಅನುಕೂಲಕರವಾದ ಸಿದ್ಧಾಂತ! ಆದರೆ ಸಂಬಳ ಕಡಿಮೆಯೆಂಬುದಕ್ಕಿಂತ ಅದರಲ್ಲಿರುವ ತಾರತಮ್ಯ ಹೆಚ್ಚು ನೋಯಿಸುತ್ತದೆ. ಹೊಸಬನನ್ನು ಪೇಟೆಯ ದರಕ್ಕೆ ಕರೆತರುತ್ತೇವೆ. ನಾಲ್ಕು ವರ್ಷದಿಂದ ಇದ್ದವನಿಗೆ ವರ್ಷಕ್ಕೆ ಐನೂರು, ಸಾವಿರದಂತೆ ಏರಿಸುತ್ತ ಬಂದಿರುತ್ತೇವೆ. ಕೊನೆಗೆ ಕಲಿಸಿಕೊಡುವವನಿಗಿಂತ ಕಲಿಯುವವನ ಸಂಬಳ ಹೆಚ್ಚಾಗಿರುತ್ತದೆ. ಊಟದ ಬಿಡುವಿನಲ್ಲಿ ಇದು ಎಲ್ಲರಿಗೂ ತಿಳಿಯುತ್ತದೆ. ಹೊರಗಿನಿಂದ ರಾಜೀನಾಮೆ ಪತ್ರದೊಡನೆ ಬಂದವನಿಗೆ ಮಾತ್ರ ನ್ಯಾಯವಾದ ಬೆಲೆ ದೊರೆಯುವುದಾದರೆ, ನಮ್ಮವರೂ ಒಂದು ರಾಜೀನಾಮೆ ಪತ್ರ ಬರೆಯಬೇಕಾಗುತ್ತದೆ. ನನ್ನ ಘಟಕದಲ್ಲಿ ಕೆಲವು ವರ್ಷಗಳಿಂದ ಕೌಶಲಕ್ಕೆ ತಕ್ಕಂತೆ ನಾಲ್ಕು ದರ್ಜೆಗಳನ್ನು ಮಾಡಿ, ಪ್ರತಿ ದರ್ಜೆಗೆ ಏನು ಬರಬೇಕು, ಎಷ್ಟು ಸಂಬಳವೆಂಬುದನ್ನು ಸೂಚನಾ ಫಲಕದಲ್ಲಿ ಹಾಕಿದ್ದೇವೆ. ಇದರಿಂದ ಯಾರೂ ಹೋಗುವುದೇ ಇಲ್ಲವೆಂದಿಲ್ಲ. ಈಗ ಹೋಗುವವರು ಹೇಳಿ ಹೋಗುತ್ತಾರೆ, ಮುಂದಿನವನಿಗೆ ಒಂದು ತಿಂಗಳು ಕಲಿಸಿ ಹೋಗುತ್ತಾರೆ.

2025ರ ನವೆಂಬರ್ 21ರಿಂದ ಜಾರಿಗೆ ಬಂದ ಕಾರ್ಮಿಕ ಸಂಹಿತೆಗಳನ್ನೂ ಇಲ್ಲಿ ನೆನೆಯಬೇಕು. ಕೆಲಸ ಬಿಟ್ಟವನ ಬಾಕಿ ವೇತನವನ್ನು ಎರಡು ಕೆಲಸದ ದಿನಗಳೊಳಗೆ ಪಾವತಿಸಬೇಕು. ನಿಗದಿತ ಅವಧಿಗೆ ನೇಮಕಗೊಂಡವನಿಗೆ ಐದು ವರ್ಷ ಕಾಯದೆ, ಒಂದು ವರ್ಷದ ಸೇವೆಗೇ ಉಪದಾನ ಸಲ್ಲುತ್ತದೆ. ಬಾಕಿ ಹಣವನ್ನೂ ಗ್ರಾಚ್ಯುಯಿಟಿಯ ಆಸೆಯನ್ನೂ ಮುಂದಿಟ್ಟು ಜನರನ್ನು ಹಿಡಿದಿಡುವ ಕಾಲ ಮುಗಿಯುತ್ತಿದೆ.

ಈಗ ಮೊದಲು ಪ್ರಸ್ತಾಪಿಸಿದ ಒಪ್ಪಂದದ ವಿಷಯ. ಬೆಂಗಳೂರಿನ ಪೀಣ್ಯದ ಇತಿಹಾಸ ಬಲ್ಲವರಿಗೆ, ಅಲ್ಲಿನ ಅನೇಕ ಘಟಕಗಳ ಸ್ಥಾಪಕರು ಒಂದು ಕಾಲದಲ್ಲಿ ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್ ಮುಂತಾದ ಕಾರ್ಖಾನೆಗಳಲ್ಲಿ ಕೆಲಸ ಕಲಿತವರೆಂಬುದು ತಿಳಿದಿದೆ. ಕಲಿತಲ್ಲಿಯೇ ಇರಬೇಕೆಂಬ ಕಟ್ಟುಪಾಡು ಅಂದು ಇದ್ದಿದ್ದರೆ ನಮ್ಮಲ್ಲಿ ಹಲವರು ಇಂದು ಮಾಲೀಕರೆನಿಸಿಕೊಳ್ಳುತ್ತಿರಲಿಲ್ಲ. ನಮಗೆ ದೊರೆತ ಸ್ವಾತಂತ್ರ್ಯವನ್ನು ನಮ್ಮ ಕೆಲಸಗಾರರಿಗೆ ನಿರಾಕರಿಸುವ ನೈತಿಕ ಹಕ್ಕು ನಮಗೆಲ್ಲಿಯದು? ಅಲ್ಲದೆ, ಅಂತಹ ಒಪ್ಪಂದ ಕಟ್ಟುವುದು ನಮ್ಮನ್ನು ಮಾತ್ರ. ದೊಡ್ಡ ಕಂಪನಿಗಳು ಅದಕ್ಕೆ ಸಹಿ ಹಾಕುವುದಿಲ್ಲ, ನಮ್ಮ ಹುಡುಗರು ಅಲ್ಲಿಗೇ ಹೋಗುತ್ತಾರೆ.

ಬದಲಿಗೆ, ಹತ್ತಾರು ಘಟಕಗಳು ಸೇರಿ ಜಿಟಿಟಿಸಿ ಅಥವಾ ಎನ್‌ಟಿಟಿಎಫ್‌ನಂತಹ ಸಂಸ್ಥೆಯ ನೆರವಿನಿಂದ ನಮ್ಮ ಮೇಲ್ವಿಚಾರಕರಿಗೆ ವರ್ಷಕ್ಕೆ ನಾಲ್ಕು ಶನಿವಾರಗಳ ತರಬೇತಿ ಏರ್ಪಡಿಸಬಹುದು. ಒಪ್ಪಂದದ ಕರಡು ಮುಂದಿನ ಸಭೆಯಲ್ಲಿ ಚರ್ಚೆಗೆ ಬರುವುದಾದರೆ ಈ ವಿಷಯವನ್ನೂ ಕಾರ್ಯಸೂಚಿಗೆ ಸೇರಿಸಬೇಕೆಂದು ಪದಾಧಿಕಾರಿಗಳಲ್ಲಿ ವಿನಂತಿಸುತ್ತೇನೆ. ನನ್ನ ಘಟಕದ ಇಬ್ಬರ ಹೆಸರುಗಳನ್ನೂ ವೆಚ್ಚದ ನಮ್ಮ ಪಾಲನ್ನೂ ಅಂದೇ ಒಪ್ಪಿಸಲು ಸಿದ್ಧನಿದ್ದೇನೆ.