ಒಡೆಯುವ ಮುನ್ನ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂದ ಹಿರಿಯರು, ಕಟ್ಟಿದ ಮನೆಯೊಳಗಿನ ಅಡುಗೆಮನೆಯನ್ನು ಒಡೆದು ಮತ್ತೆ ಕಟ್ಟಿಸುವ ಸಾಹಸವನ್ನು ಕಂಡವರಲ್ಲ. ಕಂಡಿದ್ದರೆ ಆ ಗಾದೆಗೆ ಮೂರನೆಯ ಮಾತೊಂದು ಸೇರುತ್ತಿತ್ತು.

ಬೆಂಗಳೂರಿನ ಉತ್ತರ ಭಾಗದಲ್ಲಿ, ಯಲಹಂಕ, ಹೆಬ್ಬಾಳ, ಆರ್.ಟಿ. ನಗರಗಳ ವಸತಿ ಸಮುಚ್ಚಯಗಳಲ್ಲಿ, ಇಪ್ಪತ್ತು ಮೂವತ್ತು ವರ್ಷ ಹಳೆಯದಾದ ಮನೆಗಳಿಗೆ ಕೊರತೆಯಿಲ್ಲ. ಎಂಟಡಿ ಉದ್ದದ ಅಡುಗೆಮನೆ, ಬಾಗಿಲು ಜೋತುಬಿದ್ದ ಕಪಾಟು, ಸದಾ ತೊಟ್ಟಿಕ್ಕುವ ನಲ್ಲಿ. ಅಂತಹ ಮನೆಯೊಂದರ ಯಜಮಾನರು ನಿವೃತ್ತರಾದರೆಂದು ಇಟ್ಟುಕೊಳ್ಳಬಹುದು. ಕೈಗೆ ಬಂದ ಹಣದಲ್ಲಿ ಮಗಳ ಮದುವೆಗೂ ಮುಪ್ಪಿನ ಔಷಧಕ್ಕೂ ಪಾಲುಂಟು. ಮೂವತ್ತು ವರ್ಷ ಒಂದೇ ಕಟ್ಟೆಯ ಮುಂದೆ ಬಾಗಿ ಬೇಯಿಸಿದ ಪತ್ನಿಯ ಸೊಂಟನೋವಿಗೂ ಅದರಲ್ಲಿ ಪಾಲು ಸಲ್ಲುವುದು ನ್ಯಾಯವೇ. ಆದರೆ ಮನೆ ನೋಡಲು ಬಂದ ಗುತ್ತಿಗೆದಾರನ ಮೊದಲ ಮಾತು, ‘ಎಲ್ಲವನ್ನೂ ಒಡೆದುಬಿಡೋಣ, ಸಾರ್’ ಎಂಬುದು. ಹಣ ಸೋರತೊಡಗುವುದು ಆ ಮಾತಿನಿಂದಲೇ.

ಒಡೆಯಬಾರದ್ದು ಮೊದಲಾಗಿ ನೀರಿನ ದಾರಿ. ಪಾತ್ರೆ ತೊಳೆಯುವ ತೊಟ್ಟಿಯನ್ನು ಇನ್ನೊಂದು ಗೋಡೆಗೆ ಸರಿಸಿದರೆ ಕೊಳವೆಯೂ ಹಿಂದೆಯೇ ಸರಿಯಬೇಕು; ಅದಕ್ಕೆ ಇಳಿಜಾರು ಬೇಕು; ಇಳಿಜಾರಿಗಾಗಿ ನೆಲವನ್ನು ಅಗೆಯಬೇಕು. ಕೆಲಸ ಕೊಂಚ ಕೆಟ್ಟರೂ ಕೆಳಮನೆಯವರ ಛಾವಣಿ ಒದ್ದೆಯಾಗುವುದು, ನೆರೆಹೊರೆಯ ಸ್ನೇಹ ಒಣಗುವುದು. ತೊಟ್ಟಿ ಇದ್ದಲ್ಲಿಯೇ ಇದ್ದರೆ ಈ ಖರ್ಚೆಲ್ಲ ಉಳಿಯಿತು.

ಎರಡನೆಯದು ಕಲ್ಲು. ಹಳೆಯ ಮನೆಗಳ ಕಟ್ಟೆಗೆ ಹಾಸಿರುವುದು ಬಹುಮಟ್ಟಿಗೆ ಕಡಪ ಕಲ್ಲು. ಅದು ಸುಣ್ಣಕಲ್ಲಿನ ಜಾತಿ. ಹುಣಿಸೆ, ನಿಂಬೆಯ ಹುಳಿ ತಾಗಿದರೆ ಮಂಕಾಗುತ್ತದೆ. ಬೆಲೆಬಾಳುವ ಅಮೃತಶಿಲೆಗೂ ಇದೇ ದೋಷ. ಗ್ರಾನೈಟು ಹುಳಿಗೆ ಬಗ್ಗದು. ಎಂಟಡಿ ಉದ್ದ, ಎರಡಡಿ ಅಗಲದ ಕಟ್ಟೆಗೆ ಬೇಕಾದದ್ದು ಹದಿನಾರು ಚದರಡಿ ಮಾತ್ರ. ಹಳೆಯ ಚಪ್ಪಡಿ ಗಟ್ಟಿಯಾಗಿದ್ದರೆ ಅದರ ಮೇಲೆಯೇ ಹೊಸ ಕಲ್ಲನ್ನು ಹಾಸಬಹುದು. ಒಡೆಯುವ ಕೂಲಿಯೂ ಮಣ್ಣು ಸಾಗಿಸುವ ಬಾಡಿಗೆಯೂ ಉಳಿಯುವುದಲ್ಲದೆ, ತಗ್ಗಾದ ಕಟ್ಟೆ ಒಂದೆರಡು ಅಂಗುಲ ಮೇಲೇರುತ್ತದೆ. ಮೊಳಕೈಗಿಂತ ನಾಲ್ಕೈದು ಅಂಗುಲ ಕೆಳಗಿರುವ ಕಟ್ಟೆ ಬೆನ್ನಿಗೆ ಹಿತ.

ಮೂರನೆಯದು ಕಪಾಟು. ಕಟ್ಟೆಯ ಕೆಳಗೆ ಕಡಪದ ಅಡ್ಡಹಲಗೆಗಳಿದ್ದರೆ ಅವನ್ನು ಕಿತ್ತು ಮರದ ಪೆಟ್ಟಿಗೆಗಳನ್ನು ಕೂರಿಸುವುದು ಇಂದಿನ ಪದ್ಧತಿ. ಗೆದ್ದಲು ಹಿಡಿಯದ, ನೀರಿಗೆ ಉಬ್ಬದ ಕಲ್ಲನ್ನು ಹಣ ಕೊಟ್ಟು ಹೊರಹಾಕಿ, ಉಬ್ಬುವ ಮರವನ್ನು ಹಣ ಕೊಟ್ಟು ಒಳತರುವುದೆಂದರೆ ಇದೇ. ಕಲ್ಲಿನ ಗೂಡುಗಳನ್ನು ಉಳಿಸಿ, ಮುಂಭಾಗಕ್ಕೆ ಚೌಕಟ್ಟು, ಬಾಗಿಲು ಹಚ್ಚಿದರೆ ನೋಟಕ್ಕೆ ಅಡುಗೆಮನೆ ಹೊಸದೇ. ತೊಟ್ಟಿಯ ಕೆಳಗಿನ ಬಾಗಿಲಿಗೆ ಮಾತ್ರ ಅಗ್ಗದ ಹಲಗೆ ಸಲ್ಲದು. ‘ಐ.ಎಸ್. 710’ ಗುರುತಿನ ಪ್ಲೈವುಡ್ಡಿನ ಅಂಟನ್ನು 72 ಗಂಟೆ ಕುದಿಯುವ ನೀರಿನಲ್ಲಿಟ್ಟು ಪರೀಕ್ಷಿಸುವ ನಿಯಮವಿದೆ. ಅಂಗಡಿಯವನ ಮಾತಿಗಿಂತ ಹಲಗೆಯ ಮೇಲಿನ ಮುದ್ರೆಯನ್ನು ನಂಬುವುದು ಲೇಸು.

ಉಳಿತಾಯ ಕೂಡದ ಸ್ಥಳವೂ ಒಂದುಂಟು. ಸಿಲಿಂಡರಿನ ಅನಿಲ ಗಾಳಿಗಿಂತ ಭಾರ. ಸೋರಿದರೆ ನೆಲದಲ್ಲಿಯೇ ಮಡುಗಟ್ಟುತ್ತದೆ. ಆದಕಾರಣ ಸಿಲಿಂಡರನ್ನು ಬಾಗಿಲಿನ ಹಿಂದೆ ಮರೆಮಾಡುವವರು ಆ ಬಾಗಿಲಿನ ತಳದಲ್ಲಿ ಗಾಳಿಗಿಂಡಿಯನ್ನು ಬಿಡಲೇಬೇಕು. ರಬ್ಬರಿನ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು. ಇಲ್ಲಿ ಉಳಿಸಿದ ನೂರು ರೂಪಾಯಿ ಉಳಿತಾಯವಲ್ಲ.

ಇಕ್ಕಟ್ಟಾದ ಅಡುಗೆಮನೆ ಬೆಂಗಳೂರಿನದೇ ಕಷ್ಟವೂ ಅಲ್ಲ, ಇಂದಿನದೇ ಕಷ್ಟವೂ ಅಲ್ಲ. ಮೊದಲ ಮಹಾಯುದ್ಧದ ತರುವಾಯ ಜರ್ಮನಿಯ ಫ್ರಾಂಕ್‌ಫರ್ಟ್ ನಗರ ದುಡಿಯುವ ಜನರಿಗಾಗಿ ಸಣ್ಣ ಮನೆಗಳನ್ನು ಕಟ್ಟಿಸಿದಾಗ, ಮಾರ್ಗರೆಟೆ ಶ್ಯೂಟ್ಟೆ-ಲಿಹೊಟ್ಸ್ಕಿ ಎಂಬ ವಾಸ್ತುಶಿಲ್ಪಿ 1926ರಲ್ಲಿ ಸುಮಾರು ಆರಡಿ ಅಗಲ, ಹನ್ನೊಂದಡಿ ಉದ್ದದ ಅಡುಗೆಮನೆಯೊಂದನ್ನು ರೂಪಿಸಿದಳು. ಅಡುಗೆ ಮಾಡುವವಳ ಒಂದೊಂದು ಹೆಜ್ಜೆಯನ್ನೂ ಲೆಕ್ಕಹಾಕಿ, ಎಲ್ಲವೂ ಕೈಗೆಟುಕುವಂತೆ ಜೋಡಿಸಿದ್ದ ಆ ಮಾದರಿಯ ಸುಮಾರು ಹತ್ತು ಸಾವಿರ ಅಡುಗೆಮನೆಗಳು ಅಲ್ಲಿ ನಿರ್ಮಾಣವಾದವು. ಅದಕ್ಕೆ ಮೊದಲು ತಾನು ಅಡುಗೆಯನ್ನೇ ಮಾಡಿರಲಿಲ್ಲವೆಂದು ಆಕೆ ಮುಂದೆ ತಾನಾಗಿಯೇ ಒಪ್ಪಿಕೊಂಡಳು. ಅನುಭವವಿಲ್ಲದ್ದರಿಂದಲೇ ಆಕೆ ಹೆಜ್ಜೆಗಳನ್ನು ಅಳೆಯಬೇಕಾಯಿತು.

ನಮ್ಮ ಮನೆಗಳಲ್ಲಿ ಆ ಅನುಭವಕ್ಕೆ ಬಡತನವಿಲ್ಲ. ಅದನ್ನು ಕೇಳುವ ವ್ಯವಧಾನಕ್ಕೆ ಮಾತ್ರ ಬಡತನ. ಯಾವ ಡಬ್ಬಿಗೆ ದಿನಕ್ಕೆ ಹತ್ತು ಸಲ ಕೈಚಾಚಬೇಕು, ಯಾವ ಅಟ್ಟದ ಪಾತ್ರೆ ವರ್ಷಕ್ಕೊಮ್ಮೆ ಯುಗಾದಿಗೆ ಮಾತ್ರ ಇಳಿಯುತ್ತದೆ, ದೀಪ ಎಲ್ಲಿದ್ದರೆ ಹೆಚ್ಚುವ ಕೈಯ ಮೇಲೆ ನೆರಳು ಬೀಳದು, ಇವನ್ನೆಲ್ಲ ಬಲ್ಲವರು ಒಲೆಯ ಮುಂದೆಯೇ ನಿಂತಿದ್ದಾರೆ. ಗುತ್ತಿಗೆದಾರನಿಗೆ ಮುಂಗಡ ಕೊಡುವ ಮುನ್ನ ಯಜಮಾನರು ಒಂದು ವಾರ ಅಡುಗೆಮನೆಯಲ್ಲಿ ಕುಳಿತು ಅವರ ಮಾತನ್ನು ಕೇಳಿ ಬರೆದುಕೊಳ್ಳಲಿ. ಒಡೆಯಬೇಕಾದದ್ದು ಎಷ್ಟು ಅಲ್ಪವೆಂಬುದು ಆ ಚೀಟಿಯಲ್ಲಿ ಕಾಣುತ್ತದೆ. ಸೊಂಟನೋವಿನ ಕಾರಣವೂ ಅದರಲ್ಲಿಯೇ ಸಿಕ್ಕೀತು.