ಹದಿನಾರನೆಯ ಚೀಟಿ

ಕಳೆದ ತಿಂಗಳು ನಮ್ಮ ಮನೆಯ ಜಗುಲಿಯ ಮೇಲೆ ನಡೆದ ಒಂದು ಸಣ್ಣ ವ್ಯವಹಾರವನ್ನು ವಾಚಕ ಮಹಾಶಯರ ಮುಂದಿಡಬೇಕೆಂದಿದ್ದೇವೆ. ಅದಕ್ಕೆ ಮೊದಲು ಅಂಚೆಯ ಚೀಟಿಗಳ ವಿಷಯವಾಗಿ ನಾಲ್ಕು ಮಾತು ಅವಶ್ಯ.

1949ನೆಯ ಇಸವಿ ಆಗಸ್ಟ್ 15ರಂದು ಭಾರತ ಸರ್ಕಾರದವರು ದೇಶದ ಪ್ರಾಚೀನ ಶಿಲ್ಪಗಳನ್ನೂ ಕಟ್ಟಡಗಳನ್ನೂ ಚಿತ್ರಿಸಿದ ಹದಿನಾರು ಚೀಟಿಗಳ ಮಾಲಿಕೆಯೊಂದನ್ನು ಹೊರಡಿಸಿದರು. ನಾಸಿಕದಲ್ಲಿ ಅಚ್ಚಾದ ಇವು ಮೂರು ಪೈಯ ಅಜಂತೆಯ ಆನೆಯಿಂದ ಮೊದಲಾಗಿ ಹದಿನೈದು ರೂಪಾಯಿಯ ಶತ್ರುಂಜಯ ದೇವಾಲಯದಲ್ಲಿ ಮುಗಿಯುತ್ತವೆ. ಒಟ್ಟು ಮುಖಬೆಲೆ 35 ರೂಪಾಯಿ 9 ಆಣೆ. ರೂಪಾಯಿಗೆ ಹದಿನಾರಾಣೆಯಿದ್ದ ಕಾಲವದು. ಒಂದು ಚೀಟಿ ಕಡಮೆಯಾದರೂ ಸಂಗ್ರಹವನ್ನು ಹದಿನಾರಾಣೆಯದೆನ್ನಲಾಗದು.

ಮಾಲಿಕೆಯಲ್ಲಿ ಕುಂದಿಲ್ಲವೆಂದಲ್ಲ. ಒಂಬತ್ತು ಪೈಯ ಚೀಟಿಯಲ್ಲಿರುವ ಎಲಿಫೆಂಟಾದ ವಿಗ್ರಹವನ್ನು ತ್ರಿಮೂರ್ತಿಯೆನ್ನುವ ವಾಡಿಕೆಯುಂಟು; ಅವು ಸದಾಶಿವನೊಬ್ಬನ ಮುಖಗಳೆಂದು ಬಲ್ಲವರ ಮತ. ಒಂದಾಣೆಯ ಬೋಧಿಸತ್ತ್ವನಂತೂ ಎಡಬಲ ತಿರುಗುಮುರುಗಾಗಿ, ಬಲಗೈ ಎಡಗೈಯಾಗಿ ಅಚ್ಚಾದನು! 1950ರಲ್ಲಿ ತಿದ್ದಿ ಮತ್ತೆ ಹೊರಡಿಸಿದರು. ಸಂಗ್ರಾಹಕರು ಎರಡನ್ನೂ ಇಟ್ಟುಕೊಳ್ಳುವರು. ಆದರೆ ಹದಿನಾರರ ಲೆಕ್ಕಕ್ಕೆ ಸಲ್ಲುವವನು ತಪ್ಪಿದವನೇ.

ಈಗಿನ ಕರ್ನಾಟಕಕ್ಕೆ ಸೇರಿದ್ದೆಂದರೆ ಆರಾಣೆಯ ವಿಜಯಪುರದ ಗೋಲಗುಮ್ಮಟವೊಂದೇ. ಹೊಯ್ಸಳರ ಕಲ್ಲೊಂದೂ ಇಲ್ಲ. 2023ರಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವಪರಂಪರೆಯ ಪಟ್ಟಿಯನ್ನು ಸೇರಿದಾಗಲೂ, ನಾಲ್ಕು ಗರ್ಭಗುಡಿಗಳ ನಮ್ಮ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿ ಹೊರಗೇ ಉಳಿದಳು. ಪಟ್ಟಿ ಮಾಡುವವರ ಕಷ್ಟ ಅವರಿಗೆ. ನಮ್ಮ ಮುನಿಸು ನಮಗೆ.

ನಮ್ಮ ತೀರ್ಥರೂಪರು ಹುಡುಗರಾಗಿದ್ದಾಗ ಈ ಮಾಲಿಕೆಯನ್ನು ಕೂಡಿಸಲು ತೊಡಗಿ, ಲೆಕ್ಕದ ಪುಸ್ತಕದ ಹಾಳೆಯಲ್ಲಿ ಹದಿನಾರು ಚೌಕಗಳನ್ನು ಗೀಚಿ, ಹದಿಮೂರನ್ನು ತುಂಬಿದ್ದರು. ಅನ್ನದ ಅಗುಳಿನಿಂದ ಅಂಟಿಸಿದ್ದರಿಂದ ಎರಡನ್ನು ಹುಳು ತಿಂದಿದೆ. (ಗೃಹಸ್ಥರು ಮಕ್ಕಳಿಗೆ ಇಷ್ಟನ್ನಾದರೂ ಹೇಳಿಕೊಡತಕ್ಕದ್ದು: ಹಳೆಯ ಚೀಟಿಯನ್ನು ಲಕೋಟೆಯಿಂದ ಕೀಳಬಾರದು. ಸುತ್ತಣ ಕಾಗದದೊಡನೆ ಕತ್ತರಿಸಿ, ನೀರಿನಲ್ಲಿ ನೆನೆಹಾಕಿ, ತಾನಾಗಿ ಬಿಟ್ಟ ಮೇಲೆ ಮಸಿಹೀರುವ ಕಾಗದದ ನಡುವೆ ಒಣಗಿಸಬೇಕು.) ನಾವು ನಿವೃತ್ತರಾದ ಮೇಲೆ ಐದು ರೂಪಾಯಿಯ ತಾಜಮಹಲನ್ನೂ ಹತ್ತರ ಕುತುಬ್ ಮಿನಾರನ್ನೂ ಬೆಂಗಳೂರಿನ ವ್ಯಾಪಾರಿಯಿಂದ ತಂದೆವು. ಹದಿನೈದರದು ಒಲಿಯಲಿಲ್ಲ. ಮುದ್ರೆ ಬೀಳದ ಪ್ರತಿಯ ಬೆಲೆ ಪಿಂಚಣಿಗೆ ಒಗ್ಗದು. ಮುದ್ರೆ ಬಿದ್ದವುಗಳಲ್ಲಿ ನಾವು ಕಂಡ ಎರಡೂ ಅಂಚು ಹರಿದವು.

ಹೀಗಿರಲು, ನೆರೆಬೀದಿಯ ಹುಡುಗನೊಬ್ಬನು ಹಳೆಯ ಪಾರ್ಸಲಿನ ಕಾಗದದ ತುಂಡೊಂದನ್ನು ತಂದನು. ಅವನ ಮುತ್ತಜ್ಜ ಕಾಫಿ ತೋಟದಲ್ಲಿ ಲೆಕ್ಕ ಬರೆಯುತ್ತಿದ್ದವರು. ಅವರ ಪೆಟ್ಟಿಗೆಯಲ್ಲಿ ಸಿಕ್ಕಿತಂತೆ. ನೋಡುತ್ತೇವೆ, ಶತ್ರುಂಜಯ! ಅಂಚಿನ ಹಲ್ಲುಗಳಲ್ಲಿ ಒಂದೂ ಮುರಿದಿಲ್ಲ.

"ಇದಕ್ಕೆ ಚಿಟ್ಟೆ ಚಿತ್ರದ್ದು ಕೊಡ್ತೀರಾ ಮೇಷ್ಟ್ರೇ?" ಎಂದನು.

ಕೊಟ್ಟೆವು. ಹೊರದೇಶಗಳ ಬಣ್ಣಬಣ್ಣದ ಚಿಟ್ಟೆಗಳು, ಒಂದು ಡಜನ್. ಹುಡುಗನು ಕುಣಿಯುತ್ತ ಹೋದನು. ಆ ರಾತ್ರಿ ಊಟಕ್ಕೆ ಕುಳಿತಾಗ ನಾವು ಈ ಲಾಭವನ್ನು ಸ್ವಲ್ಪ ಹೆಮ್ಮೆಯಿಂದಲೇ ವರ್ಣಿಸಿದೆವು. ನಮ್ಮ ಮನೆಯವರು ಸಾರು ಬಡಿಸುತ್ತ, "ಅದರ ಬೆಲೆ ಏನು ಅಂತ ಮಗುವಿಗೆ ಹೇಳಿದಿರಾ?" ಎಂದು ಕೇಳಿದರು. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಮಗೆ ಉತ್ತರ ತೋಚಲಿಲ್ಲ. ಆ ಹೊತ್ತಿಗೆ ಚೀಟಿಯು ತೀರ್ಥರೂಪರು ಗೀಚಿದ ಕೊನೆಯ ಚೌಕದಲ್ಲಿ ಕುಳಿತಿತ್ತು. ಮಲಗುವ ಮುನ್ನ ಎರಡು ಸಲ ಎದ್ದು ನೋಡಿದೆವೆಂದು ಒಪ್ಪಿಕೊಳ್ಳಬೇಕು.

ಬೆಳಿಗ್ಗೆ ಅದನ್ನು ತೆಗೆದುಕೊಂಡು ಹುಡುಗನ ಮನೆಗೆ ಹೋಗಿ, ಅವನ ಅಜ್ಜಿಗೆ ಸಂಗತಿಯನ್ನೆಲ್ಲ ತಿಳಿಸಿ, ಬೇಕಾದರೆ ತಕ್ಕ ಬೆಲೆಗೆ ಕಂತಿನಲ್ಲಿ ಕೊಳ್ಳುವೆವೆಂದೆವು. ಆಕೆ ಚೀಟಿಯನ್ನು ಬೆಳಕಿಗೆ ಹಿಡಿದು ನೋಡಿ, "ನಮ್ಮ ಮಾವನೋರು ಇಟ್ಟಿದ್ದು. ಹಂಗಾದ್ರೆ ಹುಡುಗನ ಹತ್ರಾನೇ ಇರ್ಲಿ ಬಿಡಿ ಮೇಷ್ಟ್ರೇ" ಎಂದರು. ಹುಡುಗನಿಗೆ ಒಂದೇ ಚಿಂತೆ: ಚಿಟ್ಟೆಗಳನ್ನು ಹಿಂದಕ್ಕೆ ಕೊಡಬೇಕೇ? ಬೇಡವೆಂದೆವು.

ಈಗ ಅವನೂ ಒಂದು ಪುಸ್ತಕದಲ್ಲಿ ಹದಿನಾರು ಚೌಕಗಳನ್ನು ಎಳೆದಿದ್ದಾನೆ. ನಮ್ಮಲ್ಲಿ ಹದಿನೈದು, ಕೊನೆಯದಿಲ್ಲ, ಅವನಲ್ಲಿ ಕೊನೆಯದೊಂದೇ. ಭಾನುವಾರಗಳಲ್ಲಿ ಬಂದು ಎರಡು ಪುಸ್ತಕಗಳನ್ನೂ ಜಗುಲಿಯ ಮೇಲೆ ಪಕ್ಕಪಕ್ಕಕ್ಕೆ ಬಿಚ್ಚಿಡುತ್ತಾನೆ. ನಮ್ಮಲ್ಲಿ ಎರಡೆರಡಿದ್ದ ಅಜಂತೆಯ ಆನೆಯನ್ನೂ ಕೊನಾರಕದ ಕುದುರೆಯನ್ನೂ ಕೊಟ್ಟಿದ್ದೇವೆ. ಎಡಗೈಯ ಬೋಧಿಸತ್ತ್ವನನ್ನು ಕೇಳುತ್ತಿದ್ದಾನೆ, ಆಲೋಚಿಸುತ್ತಿದ್ದೇವೆ.